ಹುಲ್ಲುಹಾಸಿನಲ್ಲಿ ಎದ್ದ ಮರದ ಬೇರು: ಮಚ್ಚು ಎತ್ತುವ ಮೊದಲು ಮಾಡಬೇಕಾದ ಕೆಲಸಗಳು

ಮೈಸೂರಿನ ಹಳೆಯ ಬಡಾವಣೆಗಳಲ್ಲಿ, ಅಂದರೆ ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಯಾದವಗಿರಿ, ಕುವೆಂಪುನಗರದಂಥ ಕಡೆಗಳಲ್ಲಿ, ಮನೆಯ ಮುಂದೆ ಒಂದಿಷ್ಟು ಹುಲ್ಲುಹಾಸು, ಅದರ ಅಂಚಿಗೊಂದು ದೊಡ್ಡ ಮರ ಇರುವುದು ಸಾಮಾನ್ಯ. ಮರಕ್ಕೆ ಇಪ್ಪತ್ತು, ಮೂವತ್ತು ವರ್ಷ ತುಂಬುವ ಹೊತ್ತಿಗೆ ಹುಲ್ಲಿನ ನಡುವೆ ಬೇರುಗಳು ಏಳತೊಡಗುತ್ತವೆ. ವಯಸ್ಸಾದವರು ಎಡವುತ್ತಾರೆ, ಹುಲ್ಲು ಕತ್ತರಿಸುವ ಯಂತ್ರದ ಅಲಗು ಬೇರಿಗೆ ತಾಗಿ ಮೊಂಡಾಗುತ್ತದೆ, ಬೇರಿನ ಎರಡೂ ಪಕ್ಕ ಹುಲ್ಲು ಒಣಗಿ ಮಣ್ಣು ಕಾಣುತ್ತದೆ. ಆಗ ಮಾಲಿಯನ್ನು ಕರೆದು ‘ಇವನ್ನೆಲ್ಲ ಕಡಿದು ಹಾಕು’ ಎನ್ನುವುದು ಬಹಳ ಸುಲಭ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಅದರ ಫಲ ಕಾಣುವುದು ಎರಡು ಮೂರು ವರ್ಷ ಕಳೆದ ಮೇಲೆ, ಮೇ ತಿಂಗಳ ಯಾವುದೋ ಸಂಜೆ ಬಿರುಗಾಳಿ ಬೀಸಿ ಮರ ಕಾಂಪೌಂಡಿನ ಮೇಲೋ ವಿದ್ಯುತ್ ತಂತಿಯ ಮೇಲೋ ಉರುಳಿದಾಗ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮರದ ಬುಡದಲ್ಲಿ ಹುಲ್ಲಿಗೂ ಬೇರಿಗೂ ಜಗಳ ಬಿದ್ದರೆ ಬಿಟ್ಟುಕೊಡಬೇಕಾದದ್ದು ಹುಲ್ಲು. ಹುಲ್ಲುಹಾಸನ್ನು ಒಂದು ಮಳೆಗಾಲದಲ್ಲಿ ಮತ್ತೆ ಬೆಳೆಸಬಹುದು. ಮೂವತ್ತು ವರ್ಷದ ಮರವನ್ನು ಬೆಳೆಸಲು ಮೂವತ್ತು ವರ್ಷವೇ ಬೇಕು. ಹಾಗೆಂದು ಎಡವುತ್ತಲೇ ಇರಬೇಕಾಗಿಲ್ಲ. ಮರವನ್ನೂ ಉಳಿಸಿಕೊಂಡು, ಓಡಾಡುವ ಜಾಗವನ್ನೂ ಸರಿಮಾಡಿಕೊಳ್ಳುವ ದಾರಿಗಳಿವೆ. ಕೆಲವು ಬೇರುಗಳನ್ನು ಕತ್ತರಿಸಲೂಬಹುದು. ಯಾವುದನ್ನು, ಎಲ್ಲಿ, ಯಾವಾಗ ಎಂಬುದು ತಿಳಿದಿರಬೇಕು, ಅಷ್ಟೆ.

ಬೇರು ಮೇಲೆ ಬರುವುದೇಕೆ

ಮರ ಎಷ್ಟು ಎತ್ತರವೋ ಬೇರು ಅಷ್ಟು ಆಳ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಹೆಚ್ಚಿನ ಮರಗಳ ಬಹುಪಾಲು ಬೇರುಗಳು ಇರುವುದು ಮಣ್ಣಿನ ಮೇಲ್ಪದರದ ಒಂದೂವರೆ, ಎರಡು ಅಡಿಯೊಳಗೆ. ನೀರು ಮತ್ತು ಸತ್ವ ಹೀರುವ ಕೂದಲೆಳೆಯ ಬೇರುಗಳಂತೂ ಮೇಲಿನ ಒಂದಡಿಯಲ್ಲೇ ದಟ್ಟವಾಗಿರುತ್ತವೆ. ಬೇರಿಗೂ ಉಸಿರಾಡಲು ಆಮ್ಲಜನಕ ಬೇಕು, ಗಾಳಿ ಸಿಗುವುದು ಮೇಲ್ಮಣ್ಣಿನಲ್ಲಿ. ಹಾಗಾಗಿ ಬೇರಿನ ಹರಹು ಅಗಲವಾದ ಊಟದ ತಟ್ಟೆಯ ಆಕಾರದ್ದು: ಆಳ ಕಡಿಮೆ, ಅಗಲ ಬಹಳ. ಕೊಂಬೆಗಳ ನೆರಳು ಎಲ್ಲಿಗೆ ಮುಗಿಯುತ್ತದೋ ಅಲ್ಲಿಂದ ಎಷ್ಟೋ ಆಚೆಗೂ ಬೇರು ಹರಡಿರುತ್ತದೆ.

ಮತ್ತೊಂದು ಸಂಗತಿ. ಕಾಂಡ ದಪ್ಪವಾಗುವ ಹಾಗೆಯೇ ಬೇರೂ ದಪ್ಪವಾಗುತ್ತ ಹೋಗುತ್ತದೆ. ಮೊದಲು ನೆಲದಿಂದ ಎರಡು ಅಂಗುಲ ಕೆಳಗೆ ಬೆರಳು ಗಾತ್ರದಲ್ಲಿದ್ದ ಬೇರು, ಹತ್ತಿಪ್ಪತ್ತು ವರ್ಷದಲ್ಲಿ ತೋಳಿನ ಗಾತ್ರಕ್ಕೆ ಬಂದಾಗ ಅದರ ಬೆನ್ನು ನೆಲದ ಮೇಲೆ ಕಾಣಲೇಬೇಕು. ಬೇರು ಜಾಗ ಬಿಟ್ಟು ಎದ್ದು ಬಂದಿಲ್ಲ, ಇದ್ದಲ್ಲೇ ಬೆಳೆದಿದೆ. ಅದರ ಮೇಲಿದ್ದ ಮಣ್ಣು ಮಳೆಗೆ, ಪೊರಕೆಗೆ, ಕಾಲ್ತುಳಿತಕ್ಕೆ ಸವೆದು ಹೋಗಿರುವುದೂ ಉಂಟು.

ಇವು ಮರದ ಸ್ವಭಾವ. ಇದರ ಮೇಲೆ ನಾವು ಕೂಡಿಸುವ ಕಾರಣಗಳೂ ಇವೆ. ದಿನಾ ಸಂಜೆ ಪೈಪ್ ಹಿಡಿದು ಹುಲ್ಲಿಗೆ ಹತ್ತು ನಿಮಿಷ ನೀರು ಚಿಮುಕಿಸಿದರೆ ಮೇಲಿನ ಒಂದೆರಡು ಅಂಗುಲ ಮಾತ್ರ ನೆನೆಯುತ್ತದೆ. ನೀರು ಇರುವಲ್ಲಿಗೇ ಬೇರು ಬರುತ್ತದೆ. ಹೊಸ ಬಡಾವಣೆಗಳಲ್ಲಿ ಮತ್ತೊಂದು ತೊಂದರೆ: ಮನೆ ಕಟ್ಟಿದ ಮೇಲೆ ಉಳಿದ ಇಟ್ಟಿಗೆ ಚೂರು, ಕಾಂಕ್ರೀಟ್ ಪುಡಿ, ಗರಸುಮಣ್ಣು ಎಲ್ಲವನ್ನೂ ಅಂಗಳದಲ್ಲೇ ಹರಡಿ, ಮೇಲೆ ಅರ್ಧ ಅಡಿ ಕೆಮ್ಮಣ್ಣು ಸುರಿದು ಹುಲ್ಲು ನೆಟ್ಟಿರುತ್ತಾರೆ. ಕೆಳಗೆ ಇಳಿಯಲಾಗದ ಬೇರು ಆ ಅರ್ಧ ಅಡಿಯಲ್ಲೇ ಅಡ್ಡಡ್ಡ ಓಡುತ್ತದೆ. ಮಂಡ್ಯದ ಕಡೆ, ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ, ಕಾರಣ ಇದಕ್ಕೆ ತದ್ವಿರುದ್ಧ. ಸುತ್ತ ಭತ್ತ, ಕಬ್ಬಿನ ಗದ್ದೆಗಳಿದ್ದು ನಾಲೆಯಲ್ಲಿ ನೀರು ಹರಿಯುವ ತಿಂಗಳುಗಳಲ್ಲಿ ನೆಲದಡಿಯ ನೀರು ಬಹಳ ಮೇಲಕ್ಕೆ ಬರುತ್ತದೆ. ಜೌಗು ಮಣ್ಣಿನಲ್ಲಿ ಗಾಳಿ ಇರುವುದಿಲ್ಲ, ಬೇರು ಕೊಳೆಯದೆ ಉಳಿಯಬೇಕಾದರೆ ಮೇಲೆಯೇ ಇರಬೇಕು. ಅಂಥ ಜಾಗದಲ್ಲಿ ಬೇರನ್ನು ಆಳಕ್ಕೆ ಕಳಿಸುತ್ತೇನೆ ಎಂದು ಹೊರಡುವುದು ವ್ಯರ್ಥ.

1. ಯಾವ ಮರ ಎಂದು ಗುರುತಿಸಿ

ನಮ್ಮ ರಸ್ತೆ, ಉದ್ಯಾನಗಳಲ್ಲಿ ಹೆಚ್ಚಾಗಿ ಕಾಣುವ ಮಳೆಮರ, ಗುಲ್‌ಮೊಹರ್, ಹಳದಿ ಹೂವಿನ ಪೆಲ್ಟೋಫೋರಂ, ಈ ಮೂರೂ ಮೇಲ್ಮೇಲೆ ದಪ್ಪ ಬೇರು ಬಿಡುವ ಜಾತಿಗಳು. ಗುಲ್‌ಮೊಹರ್ ಬುಡದಲ್ಲಿ ಬೇರುಗಳು ಹಲಗೆಯ ಹಾಗೆ ನಿಂತಿರುತ್ತವೆ. ಅವು ಮರವನ್ನು ಹಿಡಿದು ನಿಲ್ಲಿಸುವ ಆನೆಕಾಲುಗಳು, ಮುಟ್ಟಲೇಬಾರದು. ಆಲ, ಅರಳಿ, ಅತ್ತಿ, ಬಸರಿ, ಗೋಣಿಯ ಬೇರುಗಳು ಇನ್ನೂ ಬಲವಾದವು, ದೂರಕ್ಕೆ ಹೋಗುವಂಥವು. ಮಾವು, ನೇರಳೆ, ಹಲಸು ಎಳೆಯದರಲ್ಲಿ ಅಷ್ಟಾಗಿ ತೊಂದರೆ ಕೊಡುವುದಿಲ್ಲ, ಮುದಿಯಾದಾಗ ಬುಡದ ಸುತ್ತ ಬೇರು ತೋರಿಸುತ್ತವೆ. ತೆಂಗು, ಅಡಿಕೆಯ ಬೇರುಗಳು ಹಗ್ಗದ ಗಾತ್ರ ಮೀರಿ ದಪ್ಪವಾಗುವುದೇ ಇಲ್ಲ, ಆದ್ದರಿಂದ ತೆಂಗಿನ ಬುಡದ ಹುಲ್ಲು ಉಬ್ಬಿದ್ದರೆ ಕಾರಣ ಹೆಚ್ಚಾಗಿ ಪಕ್ಕದ ಬೇರಾವುದೋ ಮರ.

ಆಕಾಶಮಲ್ಲಿಗೆ, ಬೇವು, ಹೊಂಗೆ, ಬಿಲ್ವ, ಕರಿಬೇವು ಇವುಗಳದು ಬೇರೆಯದೇ ತೊಂದರೆ. ಇವುಗಳ ಬೇರಿನಿಂದಲೇ ಹುಲ್ಲಿನ ನಡುವೆ ಹೊಸ ಚಿಗುರು, ಮರಿಗಿಡ ಏಳುತ್ತದೆ. ಬೇರಿಗೆ ಗಾಯವಾದಷ್ಟೂ ಚಿಗುರು ಜಾಸ್ತಿ. ಕಳೆನಾಶಕ ಸಿಂಪಡಿಸಿದರೆ ಅದು ಅದೇ ಬೇರಿನ ಮೂಲಕ ತಾಯಿಮರಕ್ಕೆ ಹೋಗುತ್ತದೆ. ಮಳೆ ಬಂದು ಮಣ್ಣು ಮೆತ್ತಗಿರುವಾಗ, ಚಿಗುರು ಇನ್ನೂ ಬೆರಳಿಗಿಂತ ಸಣ್ಣದಿರುವಾಗಲೇ, ಬುಡದ ಮಣ್ಣು ಸರಿಸಿ, ಬೇರಿಗೆ ಅಂಟಿಕೊಂಡ ಗಂಟಿನ ಸಮೇತ ಕಿತ್ತು ತೆಗೆಯಿರಿ. ನೆಲಮಟ್ಟಕ್ಕೆ ಕತ್ತರಿಸಿದರೆ ಒಂದಿದ್ದಲ್ಲಿ ನಾಲ್ಕು ಬರುತ್ತವೆ. ಇದನ್ನು ಬೇಸರವಿಲ್ಲದೆ ಹಲವು ಸಲ ಮಾಡಬೇಕು, ಬೇರೆ ಉಪಾಯವಿಲ್ಲ.

2. ಮಣ್ಣು ಸರಿಸಿ ಬೇರನ್ನು ನೋಡಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಈ ಹಂತಕ್ಕೆ. ಬಹಳ ಮಂದಿ ಬಿಡುವುದೂ ಇದನ್ನೇ.

ಒಳ್ಳೆಯ ಮಳೆಯಾದ ಮಾರನೆಯ ದಿನ ಒಂದು ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಹುಲ್ಲುಹಾಸಿನ ಬೇರೆ ಬೇರೆ ಜಾಗಗಳಲ್ಲಿ ಅಂಗೈಯಿಂದ ಒತ್ತಿ ನೋಡಿ. ಅರ್ಧ ಅಡಿ ಸಲೀಸಾಗಿ ಇಳಿದರೆ ಮಣ್ಣು ಚೆನ್ನಾಗಿದೆ. ಎರಡು ಅಂಗುಲಕ್ಕೇ ನಿಂತು, ಎಲ್ಲ ಕಡೆಯೂ ಹಾಗೆಯೇ ಆದರೆ ಮಣ್ಣು ತುಳಿತಕ್ಕೆ ಗಟ್ಟಿಯಾಗಿದೆ. ಕಟಕಟ ಸದ್ದಾಗಿ ಜಾರಿದರೆ ಕೆಳಗೆ ಕಟ್ಟಡದ ಚೂರುಗಳಿವೆ.

ಆಮೇಲೆ ತೊಂದರೆ ಕೊಡುತ್ತಿರುವ ಒಂದು ಬೇರನ್ನು ಆರಿಸಿ. ಗುದ್ದಲಿ, ಪಿಕಾಸಿ ಬೇಡ. ಒಂದು ಗೇಣುದ್ದದ ಬಿದಿರಿನ ಕಡ್ಡಿಯ ತುದಿಯನ್ನು ಚಪ್ಪಟೆ ಮಾಡಿಕೊಳ್ಳಿ, ಪೈಪಿನಿಂದ ಸಣ್ಣಗೆ ನೀರು ಬಿಡುತ್ತ, ಕಡ್ಡಿಯಿಂದ ಮಣ್ಣು ಕೆದಕುತ್ತ ಬೇರಿನ ಎರಡೂ ಮಗ್ಗುಲನ್ನು ಬಿಡಿಸಿ. ಮೊದಲು ಕಾಣುವುದು ಹುಲ್ಲಿನ ಬಿಳಿ ಬೇರಿನ ಜಡೆ. ಅದರ ಕೆಳಗೆ ಮರದ ಸಣ್ಣ ಬೇರುಗಳು, ಕಂದು ಬಣ್ಣದವು, ತುದಿ ಮಾತ್ರ ಬೆಳ್ಳಗೆ. ಇನ್ನೂ ಕೆಳಗೆ ದೊಡ್ಡ ಬೇರಿನ ಬದಿ. ಅದರ ಮೇಲಿನ ತೊಗಟೆ ಬಿಸಿಲು ಕಂಡು ಕಾಂಡದ ತೊಗಟೆಯ ಹಾಗೆ ಒರಟಾಗಿರುತ್ತದೆ. ಮಣ್ಣಿನೊಳಗಿನ ಬದಿ ನುಣುಪಾಗಿ, ಉಗುರು ತಾಗಿದರೂ ಗೀರು ಬೀಳುವಷ್ಟು ಮೃದುವಾಗಿರುತ್ತದೆ. ಗೀರಿದ ಜಾಗ ಬೆಳ್ಳಗೋ ತಿಳಿಹಸಿರೋ ಇದ್ದು ಪಸೆ ಕಂಡರೆ ಬೇರು ಜೀವಂತ. ಒಣಗಿ ಕಪ್ಪಾಗಿದ್ದರೆ, ಪುಡಿಯುದುರಿದರೆ, ಸತ್ತ ಬೇರು. ಅಂಥದ್ದನ್ನು ತೆಗೆದರೆ ಮರಕ್ಕೆ ಹೊಸದಾಗಿ ನಷ್ಟವೇನಿಲ್ಲ. ಆದರೆ ಅದು ಸತ್ತದ್ದೇಕೆ ಎಂದು ವಿಚಾರಿಸಬೇಕು. ಬುಡದಲ್ಲಿ ಅಣಬೆ, ಕೊಳೆತ ವಾಸನೆ ಇದ್ದರೆ ಮರದ ಆಧಾರವೇ ಸಡಿಲವಾಗುತ್ತಿದೆ ಎಂದರ್ಥ. ಆಗ ಹುಲ್ಲಿನ ಚಿಂತೆ ಬಿಟ್ಟು ಮರ ಬಲ್ಲವರನ್ನು ಕರೆಸಿ.

ಬೇರು ಎತ್ತ ಹೋಗುತ್ತಿದೆ ಎಂಬುದನ್ನೂ ನೋಡಿ. ಕುಡಿಯುವ ನೀರಿನ ಪೈಪಿನ ಜೋಡಣೆ, ಒಳಚರಂಡಿಯ ಛೇಂಬರ್ ಕಡೆಗೆ ಹೋಗುತ್ತಿದ್ದರೆ ಅಲ್ಲಿ ಸೋರಿಕೆ ಇರುವ ಸಾಧ್ಯತೆ ಹೆಚ್ಚು. ಗಟ್ಟಿಯಾಗಿ ಮುಚ್ಚಿದ ಪೈಪನ್ನು ಬೇರು ಸಾಮಾನ್ಯವಾಗಿ ಒಡೆಯುವುದಿಲ್ಲ, ಸೋರುವ ಬಿರುಕಿಗೆ ನುಗ್ಗಿ ಅದನ್ನು ದೊಡ್ಡದು ಮಾಡುತ್ತದೆ. ಪೈಪ್ ಸರಿಮಾಡದೆ ಬೇರು ಕಡಿದರೆ ಬೇರು ಮತ್ತೆ ಅಲ್ಲಿಗೇ ಬರುತ್ತದೆ.

3. ದಾರದಿಂದ ಅಳೆಯಿರಿ

ಮರದಿಂದ ಎಷ್ಟು ದೂರದ ಬೇರನ್ನು ಮುಟ್ಟಬಹುದು ಎಂಬುದಕ್ಕೆ ಮರ ಬಲ್ಲವರು ಕಾಂಡದ ವ್ಯಾಸವನ್ನು ಲೆಕ್ಕ ಹಿಡಿಯುತ್ತಾರೆ. ವ್ಯಾಸದ ಐದಾರು ಪಟ್ಟು ದೂರದೊಳಗೆ ಬೇರು ಕತ್ತರಿಸಿದರೆ ಮರ ಬೀಳುವ ಅಪಾಯ; ಹನ್ನೆರಡು ಪಟ್ಟು ದೂರದವರೆಗಿನ ವೃತ್ತ ಮರದ ಜೀವನಾಧಾರದ ಜಾಗ. ಮನೆಯಲ್ಲಿ ಇದನ್ನು ಒಂದು ಸೆಣಬಿನ ದಾರದಿಂದ ತಿಳಿದುಕೊಳ್ಳಬಹುದು. ಎದೆಯೆತ್ತರದಲ್ಲಿ ಕಾಂಡಕ್ಕೆ ದಾರವನ್ನು ಒಂದು ಸುತ್ತು ಹಾಕಿ ಅಷ್ಟಕ್ಕೆ ಕತ್ತರಿಸಿಕೊಳ್ಳಿ. ಕಾಂಡದಿಂದ ಆ ದಾರದ ಎರಡು ಅಳತೆಯೊಳಗೆ ಯಾವ ಬೇರನ್ನೂ ಕತ್ತರಿಸಬೇಡಿ. ಎರಡರಿಂದ ನಾಲ್ಕು ಅಳತೆಯ ನಡುವೆ, ಬೇರೆ ದಾರಿಯೇ ಇಲ್ಲದಿದ್ದರೆ, ಎರಡು ಅಂಗುಲಕ್ಕಿಂತ ಸಣ್ಣ ಬೇರನ್ನು ಮಾತ್ರ ನೋಡಬಹುದು. ನಾಲ್ಕರಾಚೆ ಅಪಾಯ ಕಡಿಮೆ.

ಉದಾಹರಣೆಗೆ, ಸುತ್ತಳತೆ 5 ಅಡಿ ಇರುವ ಗುಲ್‌ಮೊಹರ್ ಎಂದುಕೊಳ್ಳಿ. ಕಾಂಡದ ಸುತ್ತ 10 ಅಡಿಯವರೆಗೆ ಕತ್ತರಿಸುವ ಮಾತೇ ಇಲ್ಲ. 20 ಅಡಿಯವರೆಗೆ ಬಹಳ ಎಚ್ಚರ. ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಮನೆ ಬಿಟ್ಟು ಉಳಿಯುವ ಅಂಗಳ ಎಷ್ಟು? ಬಹುತೇಕ ಮನೆಗಳಲ್ಲಿ ಇಡೀ ಹುಲ್ಲುಹಾಸು ಈ ವೃತ್ತದೊಳಗೇ ಬರುತ್ತದೆ. ಈ ಲೆಕ್ಕ ಹಾಕಿದ ಮೇಲೆ ಮಚ್ಚನ್ನು ಒಳಗಿಡುವುದೇ ಸರಿ ಎಂದು ತಾನಾಗಿ ಅನಿಸುತ್ತದೆ.

4. ನೀರು ಬಿಡುವ ಕ್ರಮ ಬದಲಿಸಿ

ದಿನಾ ಚಿಮುಕಿಸುವುದನ್ನು ನಿಲ್ಲಿಸಿ. ಬೇಸಿಗೆಯಲ್ಲಿ ಐದಾರು ದಿನಕ್ಕೊಮ್ಮೆ, ಅರ್ಧ ಅಡಿಗಿಂತ ಕೆಳಗೆ ನೆನೆಯುವ ಹಾಗೆ ನಿಧಾನವಾಗಿ ನೀರು ಬಿಡಿ. ನೆನೆದಿದೆಯೋ ಇಲ್ಲವೋ ನೋಡಲು ಅದೇ ಸ್ಕ್ರೂಡ್ರೈವರ್ ಸಾಕು. ಮರಕ್ಕೆ ನೀರನ್ನು ಬುಡಕ್ಕೆ ಹಾಕಬೇಡಿ, ಕೊಂಬೆಗಳ ಅಂಚಿನ ನೇರಕ್ಕೆ ಹಾಕಿ. ಹೀರುವ ಬೇರುಗಳಿರುವುದು ಆ ಕಡೆ. ಇದರಿಂದ ಈಗ ಎದ್ದಿರುವ ಬೇರು ಒಳಗೆ ಹೋಗುವುದಿಲ್ಲ. ಮುಂದೆ ಬರುವ ಬೇರುಗಳು ಮೇಲೇ ಸುಳಿಯುವುದು ಕಡಿಮೆಯಾಗುತ್ತದೆ, ಅಷ್ಟೆ. ನಾಲೆಯ ಬಯಲಿನ ಜೌಗು ಜಾಗದಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಮಳೆಗಾಲದಲ್ಲಿ ನೀರು ನಿಲ್ಲದಂತೆ ಅಂಚಿಗೊಂದು ಸಣ್ಣ ಬಸಿಗಾಲುವೆ ತೆಗೆಯುವುದೇ ಮುಖ್ಯ.

ಗಟ್ಟಿಯಾದ ಮಣ್ಣಿದ್ದರೆ, ಕೊಂಬೆಗಳ ಅಂಚಿನ ಸುತ್ತ, ದಪ್ಪ ಬೇರುಗಳಿಲ್ಲದ ಕಡೆ ನೋಡಿಕೊಂಡು, ಸಣ್ಣ ಹಾರೆಯಿಂದ ಒಂದೊಂದು ಗೇಣಿಗೆ ಅರ್ಧ ಅಡಿ ಆಳದ ತೂತು ಹಾಕಿ, ಅದರಲ್ಲಿ ಚೆನ್ನಾಗಿ ಕಳಿತ ಗೊಬ್ಬರ, ಮರಳು ಬೆರೆಸಿ ತುಂಬಿ. ಬೇರಿಗೆ ತಾಗಿತು ಅನಿಸಿದರೆ ಹಾರೆಯನ್ನು ಪಕ್ಕಕ್ಕೆ ಸರಿಸಿ, ಮೇಲೆ ಕುಟ್ಟಬೇಡಿ.

5. ಮಣ್ಣು ಏರಿಸುವುದಾದರೆ ತೆಳ್ಳಗೆ

ಎದ್ದ ಬೇರನ್ನು ಮುಚ್ಚಲು ಒಂದು ಟ್ರ್ಯಾಕ್ಟರ್ ಲೋಡ್ ಮಣ್ಣು ತರಿಸಿ ಅರ್ಧ ಅಡಿ ಏರಿಸುವುದು ನಮ್ಮ ಕಡೆ ಬಹಳ ಜನ ಮಾಡುವ ಕೆಲಸ. ಮೊದಲ ಆರು ತಿಂಗಳು ನೋಡಲು ಚೆಂದ. ಕೆಳಗೆ ಹೀರುವ ಬೇರುಗಳು ಗಾಳಿಯಿಲ್ಲದೆ ಸಾಯುತ್ತಿರುತ್ತವೆ. ಉಳಿದ ಬೇರುಗಳು ಗಾಳಿ ಹುಡುಕಿ ಹೊಸ ಮಣ್ಣಿನೊಳಕ್ಕೆ ಏರಿ ಬರುತ್ತವೆ. ಕೆಲವೇ ವರ್ಷದಲ್ಲಿ ಮೊದಲಿನ ಸ್ಥಿತಿ, ಜೊತೆಗೆ ಬಡವಾದ ಮರ.

ತೆಳ್ಳಗೆ ಹಾಕಿದರೆ ತೊಂದರೆಯಿಲ್ಲ. ಕೆಮ್ಮಣ್ಣು, ಕಾಂಪೋಸ್ಟ್, ಮರಳು ಸಮಪಾಲು ಬೆರೆಸಿ, ಜರಡಿ ಹಿಡಿದು, ಒಂದು ಸಲಕ್ಕೆ ಅರ್ಧದಿಂದ ಒಂದು ಅಂಗುಲ ಮಾತ್ರ, ಹುಲ್ಲಿನ ತುದಿ ಹೊರಗೆ ಕಾಣುವಷ್ಟು ಹರಡಿ. ಇದಕ್ಕೆ ಜೂನ್, ಜುಲೈ ಒಳ್ಳೆಯ ಕಾಲ. ಹುಲ್ಲು ಹೊಸ ಮಣ್ಣಿನ ಮೇಲೆ ಹಬ್ಬಿಕೊಂಡ ಮೇಲೆ ಇನ್ನೊಂದು ಸಲ. ಎಲ್ಲ ಸೇರಿ ವರ್ಷಕ್ಕೆ ಎರಡು ಅಂಗುಲ ಮೀರಬಾರದು. ಜೇಡಿ ಮಣ್ಣು, ಕೆರೆಗೋಡು ಬೇಡವೇ ಬೇಡ. ಒಣಗಿದಾಗ ಹೆಂಟೆಯಾಗಿ ಗಾಳಿಯನ್ನೇ ತಡೆಯುತ್ತದೆ. ಕಾಂಡಕ್ಕೆ ತಾಗುವಂತೆ ಮಣ್ಣು ಏರಿಸಿದರೆ ಬುಡದ ತೊಗಟೆ ಕೊಳೆಯುತ್ತದೆ. ಕಾಂಡ ನೆಲಕ್ಕೆ ಬಂದು ಅಗಲವಾಗುವ ಜಾಗ ಸದಾ ಕಾಣುತ್ತಿರಬೇಕು.

ಬೇರು ಅಂಗುಲಕ್ಕಿಂತ ಕಡಿಮೆ ಎದ್ದಿರುವ, ಬಿಸಿಲು ಚೆನ್ನಾಗಿ ಬೀಳುವ ಹುಲ್ಲುಹಾಸಿಗೆ ಇಷ್ಟೇ ಸಾಕು. ಹುಲ್ಲು ಕತ್ತರಿಸುವ ಯಂತ್ರದ ಅಲಗನ್ನು ಎರಡೂವರೆ ಮೂರು ಅಂಗುಲಕ್ಕೆ ಏರಿಸಿಕೊಂಡರೆ ಬೇರಿಗೂ ಪೆಟ್ಟಿಲ್ಲ, ಹುಲ್ಲಿಗೂ ಒಳ್ಳೆಯದು. ಬೇರಿನ ಅಕ್ಕಪಕ್ಕ ಮಾತ್ರ ಕೈಯಲ್ಲಿ ಕುಡುಗೋಲಿನಿಂದ ಸವರಿ. ತಿರುಗುವ ನೈಲಾನ್ ದಾರದ ಯಂತ್ರ ಬೇರಿನ ತೊಗಟೆಯನ್ನು ಸುಲಿದುಹಾಕುತ್ತದೆ, ಆ ಗಾಯದಿಂದ ಕೊಳೆರೋಗ ಒಳಗೆ ಹೊಕ್ಕುತ್ತದೆ.

6. ಬುಡದ ಸುತ್ತ ಹುಲ್ಲನ್ನು ಬಿಟ್ಟುಬಿಡಿ

ಉಳಿದವರಿಗೆಲ್ಲ, ಅಂದರೆ ಹೆಚ್ಚಿನವರಿಗೆ, ನಾನು ಹೇಳುವುದು ಇದನ್ನೇ. ನಮ್ಮ ಹುಲ್ಲುಹಾಸುಗಳಲ್ಲಿ ಹೆಚ್ಚಾಗಿ ಇರುವುದು ಗರಿಕೆಯ ಜಾತಿಗಳು, ಇಲ್ಲವೇ ಮೆಕ್ಸಿಕನ್ ಹುಲ್ಲು. ಗರಿಕೆಗೆ ಬಿಸಿಲು ಬೇಕೇಬೇಕು, ದಟ್ಟ ನೆರಳಿನಲ್ಲಿ ಎಷ್ಟು ಗೊಬ್ಬರ ಹಾಕಿದರೂ ಬಡಕಲಾಗುತ್ತದೆ. ಅಗಲ ಎಲೆಯ ಬಫೆಲೊ ಹುಲ್ಲು ಅರೆನೆರಳು ತಡೆಯುತ್ತದೆ. ಮಳೆಮರದ ಬುಡದಲ್ಲಿ ಅದೂ ಸೋಲುತ್ತದೆ. ಬೇರು ಎದ್ದದ್ದರಿಂದ ಹುಲ್ಲು ಹೋಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಕಡೆ ನೆರಳಿಗೆ ಹುಲ್ಲು ಮೊದಲೇ ಹೋಗಿ, ಬರಿ ಮಣ್ಣು ಮಳೆಗೆ ಕೊಚ್ಚಿ, ಆಮೇಲೆ ಬೇರು ಕಂಡಿರುತ್ತದೆ. ಕೃಷ್ಣರಾಜಸಾಗರದ ಬೃಂದಾವನ ಉದ್ಯಾನಕ್ಕೆ ಹೋದಾಗ ಗಮನಿಸಿ ನೋಡಿ, ಅಲ್ಲಿನ ಹುಲ್ಲುಹಾಸು ಚೆನ್ನಾಗಿರುವುದು ತೆರೆದ ಬಿಸಿಲಿನ ಅಂತಸ್ತುಗಳಲ್ಲಿ.

ಆದ್ದರಿಂದ ಬೇರುಗಳು ಎದ್ದಿರುವಷ್ಟು ಜಾಗಕ್ಕೆ ಹಗ್ಗ ಹಾಸಿ ಒಂದು ಗೆರೆ ಗುರುತು ಮಾಡಿ. ಅಚ್ಚುಕಟ್ಟಾದ ವೃತ್ತವೇ ಆಗಬೇಕಿಲ್ಲ, ಬೇರು ಹೋದ ಹಾಗೆ ಗೆರೆ ಹೋಗಲಿ. ಒಳಗಿನ ಹುಲ್ಲನ್ನು ಅಗೆಯಬೇಡಿ. ನೆಲಮಟ್ಟಕ್ಕೆ ಸವರಿ, ಹಳೆಯ ವೃತ್ತಪತ್ರಿಕೆಯನ್ನು ನಾಲ್ಕೈದು ಪದರ ಹಾಸಿ ನೀರು ಚಿಮುಕಿಸಿ, ಮೇಲೆ ಒಣ ಎಲೆಯ ಹೊದಿಕೆ ಹಾಕಿ. ಎರಡರಿಂದ ಮೂರು ಅಂಗುಲ ದಪ್ಪ ಸಾಕು. ಕಾಂಡದಿಂದ ಅರ್ಧ ಅಡಿ ಜಾಗ ಖಾಲಿ ಬಿಡಿ.

ಹೊದಿಕೆಗೆ ದುಡ್ಡು ಕೊಟ್ಟು ಏನನ್ನೂ ತರಬೇಕಾಗಿಲ್ಲ. ಮಳೆಮರ, ಗುಲ್‌ಮೊಹರ್, ಪೆಲ್ಟೋಫೋರಂ ಉದುರಿಸುವ ಪುಟ್ಟ ಪುಟ್ಟ ಎಲೆಗಳಿಗಿಂತ ಒಳ್ಳೆಯ ಹೊದಿಕೆ ಇಲ್ಲ. ಬೇಗ ಕಳಿತು ಕಪ್ಪು ಮಣ್ಣಾಗುತ್ತದೆ. ಆ ಎಲೆಯನ್ನೇ ಪ್ರತಿ ಬೆಳಗ್ಗೆ ಗುಡಿಸಿ ರಸ್ತೆಬದಿಯಲ್ಲಿ ಬೆಂಕಿ ಹಚ್ಚುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮಂಡ್ಯದವರಿಗೆ ಕಬ್ಬಿನ ಒಣ ಸೋಗೆ ಬೇಕಾದಷ್ಟು ಸಿಗುತ್ತದೆ, ಗೇಣುದ್ದಕ್ಕೆ ಕತ್ತರಿಸಿ ಹಾಸಿ. ತೆಂಗಿನ ಸಿಪ್ಪೆಯ ಚೂರುಗಳನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಹಾಕಬಹುದು. ಗೆದ್ದಲು ಬರುವುದಿಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಗೆದ್ದಲು ಹೆಚ್ಚಾಗಿ ತಿನ್ನುವುದು ಒಣಗಿದ್ದನ್ನು. ಹೊದಿಕೆ ಮನೆಯ ಗೋಡೆಗೂ ಕಾಂಡಕ್ಕೂ ತಾಗದೆ, ಆಗಾಗ ತೇವವಾಗುತ್ತಿದ್ದರೆ ಚಿಂತೆಯಿಲ್ಲ. ಹಾವಿನ ಭಯ ಇರುವವರು ಹೊದಿಕೆಯನ್ನು ತೆಳ್ಳಗೆ ಇಟ್ಟುಕೊಂಡು, ನಡೆಯುವ ದಾರಿಯ ಎರಡು ಬದಿ ಎತ್ತರದ ಗಿಡ ಹಾಕದಿರಲಿ.

ಹಸಿರೇ ಬೇಕು ಎನ್ನುವವರು ಬೇರುಗಳ ನಡುವಿನ ಸಂದುಗಳಲ್ಲಿ, ಕೈಯಿಂದ ತೋಡಬಹುದಾದಷ್ಟು ಸಣ್ಣ ಗುಳಿಯಲ್ಲಿ, ನೆರಳು ತಡೆಯುವ ಸಸಿಗಳನ್ನು ಹಾಕಿ. ಮೊಂಡೋ ಹುಲ್ಲು, ಕ್ಲೋರೋಫೈಟಂ, ನೇರಳೆ ಎಲೆಯ ರಿಯೋ, ಜರಿಗಿಡ ಎಲ್ಲವೂ ಮೈಸೂರಿನ ಹವೆಗೆ ಒಗ್ಗುತ್ತವೆ. ತೇವ ಇರುವಲ್ಲಿ ಒಂದೆಲಗ ಹಬ್ಬಿಸಿದರೆ ನೆಲವೂ ಮುಚ್ಚುತ್ತದೆ, ತಂಬುಳಿಗೂ ಆಗುತ್ತದೆ. ಅರೆಬಿಸಿಲು ಬೀಳುವ ಅಂಚಿಗೆ ದೊಡ್ಡಪತ್ರೆ. ಹಳದಿ ಹೂವಿನ ವೆಡೇಲಿಯಾ ಮಾತ್ರ ಬೇಡ ಎನ್ನುತ್ತೇನೆ, ಅದು ಒಮ್ಮೆ ಹಿಡಿದರೆ ಹುಲ್ಲುಹಾಸು, ಚರಂಡಿ, ಪಕ್ಕದ ಮನೆ ಎಲ್ಲವನ್ನೂ ಆಕ್ರಮಿಸುತ್ತದೆ. ಪ್ರತಿ ಸಸಿಯೂ ಚಿಕ್ಕದೇ ಇರಲಿ. ದೊಡ್ಡ ಕುಂಡದ ಗಿಡ ನೆಡಲು ಗುಂಡಿ ತೋಡಿದರೆ ನೂರಾರು ಹೀರುಬೇರು ತುಂಡಾಗುತ್ತವೆ.

ಗೇಟಿನಿಂದ ಬಾಗಿಲಿಗೆ ಆ ಜಾಗದಲ್ಲೇ ನಡೆಯಬೇಕಾಗಿದ್ದರೆ, ಬೇರುಗಳ ನಡುವೆ ಮರಳು ಹಾಸಿ ಒಂದು ಹೆಜ್ಜೆಗೊಂದರಂತೆ ಚಪ್ಪಡಿ ಕಲ್ಲು ಕೂರಿಸಿ. ಕಲ್ಲು ಬೇರಿನ ಮೇಲೆ ಕೂರಬಾರದು, ಕಲ್ಲುಗಳ ಸಂದಿಗೆ ಸಿಮೆಂಟ್ ಬೇಡ. ಬೇರು ದಪ್ಪವಾದಂತೆ ಕಲ್ಲನ್ನು ಎತ್ತಿ ಸ್ವಲ್ಪ ಪಕ್ಕಕ್ಕೆ ಇಟ್ಟರಾಯಿತು. ಇಡೀ ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿ ಬುಡಕ್ಕೆ ಒಂದು ಬಾಣಲಿಯಷ್ಟು ಜಾಗ ಬಿಡುವುದು ಮರಕ್ಕೆ ಉಸಿರು ಕಟ್ಟಿಸುವ ಕೆಲಸ. ಬೇರು ಆ ಕಾಂಕ್ರೀಟನ್ನೂ ಎತ್ತಿ ಬಿರಿಸುತ್ತದೆ.

7. ಕತ್ತರಿಸಲೇಬೇಕಾದಾಗ

ಬಾಗಿಲಿನ ದಾರಿಗೆ ಅಡ್ಡ ಬಂದ ಬೇರು, ನೀರಿನ ತೊಟ್ಟಿಯ ಗೋಡೆಗೆ ಒತ್ತುತ್ತಿರುವ ಬೇರು, ಗಾಲಿಕುರ್ಚಿ ಓಡಾಡಬೇಕಾದ ದಾರಿಯ ಬೇರು, ಇಂಥ ಸಂದರ್ಭಗಳು ಇರುತ್ತವೆ. ಆಗ ದಾರದ ಎರಡಳತೆಯಾಚೆ, ಎರಡು ಅಂಗುಲಕ್ಕಿಂತ ಸಣ್ಣ ಬೇರಾದರೆ ಹೀಗೆ ಮಾಡಿ.

ಕಾಲ ಮುಖ್ಯ. ನಮ್ಮಲ್ಲಿ ಮರ ಬೀಳುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳ ಗುಡುಗು ಗಾಳಿಯಲ್ಲಿ, ಭರಣಿ, ಕೃತ್ತಿಕಾ ಮಳೆಯ ಹೊತ್ತಿಗೆ. ಆಮೇಲೆ ಆಷಾಢದ ಗಾಳಿ. ಆದ್ದರಿಂದ ಬೇಸಿಗೆಯಲ್ಲಿ ಬೇರು ಕತ್ತರಿಸಿ ಗಾಳಿಗೆ ಮರವನ್ನು ಒಡ್ಡಬೇಡಿ. ದಸರಾದ ಆಸುಪಾಸಿನಲ್ಲಿ, ಹಸ್ತ, ಚಿತ್ತಾ ಮಳೆ ಇನ್ನೂ ಬೀಳುತ್ತಿರುವಾಗ ಕತ್ತರಿಸಿದರೆ ಮಣ್ಣಿನಲ್ಲಿ ತೇವ ಇರುತ್ತದೆ, ಮುಂದಿನ ಗಾಳಿಯ ಕಾಲಕ್ಕೆ ಐದಾರು ತಿಂಗಳು ಇರುತ್ತದೆ. ಅಷ್ಟರಲ್ಲಿ ಕತ್ತರಿಸಿದ ತುದಿಯಿಂದ ಹೊಸ ಬೇರುಗಳು ಬರುತ್ತವೆ.

ದಿಕ್ಕನ್ನೂ ನೋಡಿ. ಆಷಾಢದ ಗಾಳಿ ಪಡುವಣ, ನೈಋತ್ಯದಿಂದ ಬೀಸುತ್ತದೆ. ಗಾಳಿ ಬರುವ ಕಡೆಯ ಬೇರುಗಳು ಮರವನ್ನು ಎಳೆದು ಹಿಡಿದಿರುತ್ತವೆ, ಆ ಕಡೆಯವನ್ನು ಬಿಟ್ಟುಬಿಡಿ. ಒಂದು ಸಲಕ್ಕೆ ಒಂದೇ ದಿಕ್ಕಿನ, ಒಂದೋ ಎರಡೋ ಬೇರು. ಎಷ್ಟೇ ಆದರೂ ಮರದ ಒಟ್ಟು ಬೇರಿನ ಕಾಲುಭಾಗದ ಹತ್ತಿರಕ್ಕೂ ಹೋಗಬಾರದು. ಮುಂದಿನದಕ್ಕೆ ಎರಡು ಮೂರು ವರ್ಷ ಬಿಡಿ.

ಬೇರಿನ ಸುತ್ತ ಮಣ್ಣು ಬಿಡಿಸಿ, ಕೆಳಗೆ ಕೈ ತೂರುವಷ್ಟು ಜಾಗ ಮಾಡಿಕೊಳ್ಳಿ. ಹರಿತವಾದ ಗರಗಸದಿಂದ, ಬೇರಿಗೆ ಅಡ್ಡಲಾಗಿ, ಮೊದಲು ಕಾಂಡದ ಕಡೆಯಿಂದ ಒಂದೇ ನೇರ ಕೊಯ್ತ. ಆಮೇಲೆ ಆಚೆ ಕಡೆ ಇನ್ನೊಂದು. ನಡುವಿನ ತುಂಡನ್ನು ಎತ್ತಿ ತೆಗೆಯಿರಿ. ಮಚ್ಚಿನಿಂದ ಕೊಚ್ಚಿದರೆ ತುದಿ ಸೀಳಾಗಿ ಬೇಗ ಮಾಯುವುದಿಲ್ಲ. ಜೆಸಿಬಿಯಿಂದ ಎಳೆಸಿದರೆ ಕಾಣುವ ಬೇರಿನ ಜೊತೆಗೆ ಕಾಂಡದವರೆಗಿನ ತೊಗಟೆ ಹರಿದು ಬರುತ್ತದೆ. ಕೊಯ್ದ ತುದಿಗೆ ಟಾರು, ಬಣ್ಣ, ಸಿಮೆಂಟ್ ಬಳಿಯಬೇಡಿ, ಬರಿದಾಗಿರಲಿ. ಅದೇ ದಿನ ಮಣ್ಣು ಮುಚ್ಚಿ ನೀರು ಹಾಕಿ. ಮುಂದಿನ ಬೇಸಿಗೆ ಪೂರ್ತಿ ಆ ಮರಕ್ಕೆ ನೀರಿನ ಕಡೆ ಗಮನ ಬೇಕು.

ಬೇರು ಮತ್ತೆ ಆ ಕಡೆ ಬಾರದಂತೆ, ಕೊಯ್ದ ಜಾಗದಲ್ಲಿ ಎರಡರಿಂದ ಮೂರು ಅಡಿ ಆಳಕ್ಕೆ ದಪ್ಪ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಾಳೆಯನ್ನು ನಿಲ್ಲಿಸಿ ಮಣ್ಣು ತುಂಬಬಹುದು. ಹಾಳೆಯ ಮೇಲಂಚು ನೆಲದಿಂದ ಸ್ವಲ್ಪ ಮೇಲಿರಬೇಕು, ಇಲ್ಲದಿದ್ದರೆ ಬೇರು ಮೇಲಿನಿಂದ ದಾಟುತ್ತದೆ. ಮರದ ಸುತ್ತಲೂ ಹಾಕಬಾರದು, ಗೋಡೆಯ ಅಥವಾ ದಾರಿಯ ಒಂದು ಬದಿಗೆ ಮಾತ್ರ.

ಎರಡು ಅಂಗುಲಕ್ಕಿಂತ ದಪ್ಪದ ಬೇರು, ದಾರದ ಎರಡಳತೆಯೊಳಗಿನ ಬೇರು, ವಾಲಿದ ಮರ, ಟೊಳ್ಳಾದ ಮರ ಇದ್ದರೆ ನೀವೇ ಕೈ ಹಾಕಬೇಡಿ. ಕತ್ತರಿಸಿದ ಮೇಲೆ ತುದಿಕೊಂಬೆ ಒಣಗುವುದು, ಎಲೆ ಸಣ್ಣದಾಗುವುದು, ಬುಡದ ಇನ್ನೊಂದು ಬದಿಯ ಮಣ್ಣಿನಲ್ಲಿ ಬಿರುಕು ಕಾಣುವುದು, ಇವು ಎಚ್ಚರಿಕೆಯ ಗುರುತುಗಳು. ಮಣ್ಣು ಬಿರುಕು ಬಿಟ್ಟಿದ್ದರೆ ಅಂದೇ ಆ ಜಾಗದಿಂದ ಕಾರು, ಮಕ್ಕಳು ಎಲ್ಲರನ್ನೂ ದೂರವಿಡಿ.

ರಸ್ತೆಬದಿಯ ಮರದ ಬೇರು ನಿಮ್ಮ ಕಾಂಪೌಂಡಿನೊಳಗೆ ಬಂದಿದ್ದರೆ, ಆ ಮರ ನಿಮ್ಮದಲ್ಲ. ಸ್ಥಳೀಯ ಸಂಸ್ಥೆಗೆ ಅಥವಾ ಅರಣ್ಯ ಇಲಾಖೆಗೆ ಬರೆದು ತಿಳಿಸಿ. ನಿಮ್ಮದೇ ಜಾಗದ ಮರವನ್ನು ಪೂರ್ತಿ ತೆಗೆಸಬೇಕೆಂದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ 1976ರ ಪ್ರಕಾರ, ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟರೆ, ವೃಕ್ಷಾಧಿಕಾರಿಯ ಅನುಮತಿ ಬೇಕು. ಪಕ್ಕದ ಮನೆಯವರ ಮರವಾದರೆ ಅವರನ್ನು ಕರೆದು ಬೇರು ತೋರಿಸಿ, ಮಾತಾಡಿ, ಆಮೇಲೆ ಕೆಲಸ.

ಉಪ್ಪು, ಮೈಲುತುತ್ತ, ಆಸಿಡ್

ಬೇರಿಗೆ ತೂತು ಕೊರೆದು ಮೈಲುತುತ್ತ ತುಂಬುವುದು, ಕಲ್ಲುಪ್ಪು ಸುರಿಯುವುದು, ಶೌಚಾಲಯ ತೊಳೆಯುವ ಆಸಿಡ್ ಹೊಯ್ಯುವುದು, ಇವನ್ನೆಲ್ಲ ಸಲಹೆಯಾಗಿ ಕೊಡುವವರಿದ್ದಾರೆ. ಕೇಳಬೇಡಿ. ಉಪ್ಪು ಬಿದ್ದ ಮಣ್ಣಿನಲ್ಲಿ ಮರವೂ ಸಾಯುತ್ತದೆ, ಹುಲ್ಲೂ ಏಳುವುದಿಲ್ಲ. ಮಂಡ್ಯದ ನಾಲೆ ಬಯಲಿನಲ್ಲಿ ಮಣ್ಣು ಚೌಳಾದರೆ ಏನಾಗುತ್ತದೆಂದು ಅಲ್ಲಿನ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ. ಮೈಲುತುತ್ತದ ತಾಮ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು ಎರೆಹುಳುಗಳನ್ನು ಕೊಲ್ಲುತ್ತದೆ. ನಿಧಾನವಾಗಿ ಸತ್ತ ಮರ ನಿಂತೇ ಇರುತ್ತದೆ, ಒಳಗೆ ಬೇರು ಕೊಳೆತಿರುತ್ತದೆ. ಅದು ಯಾವಾಗ, ಯಾರ ಮೇಲೆ ಬೀಳುತ್ತದೆ ಎಂದು ಹೇಳಲಾಗದು.

ಹೊಸದಾಗಿ ನೆಡುವವರಿಗೆ

ಸಣ್ಣ ಹುಲ್ಲುಹಾಸಿನ ಅಂಚಿಗೆ ಪಾರಿಜಾತ, ನಂದಿಬಟ್ಟಲು, ದಾಳಿಂಬೆ, ನಿಂಬೆಯಂಥವು ಸಾಕು. ಇವುಗಳ ಬೇರು ಹುಲ್ಲಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಹೊಂಗೆ, ಬೇವು, ಮಾವಿಗೆ ಗೋಡೆಯಿಂದ ಕನಿಷ್ಠ 15ರಿಂದ 20 ಅಡಿ ಜಾಗ ಇರಲಿ. ಆಲ, ಅರಳಿ, ಮಳೆಮರ ಮನೆಯಂಗಳದ ಮರಗಳಲ್ಲ. ಕೆರೆ ಏರಿ, ಊರ ಕಟ್ಟೆ, ಶಾಲೆಯ ಬಯಲು ಅವಕ್ಕೆ ತಕ್ಕ ಜಾಗ. ನೆಡುವ ಗುಂಡಿಯನ್ನು ಮೂರಡಿ ಅಗಲ ತೋಡಿ, ಕಟ್ಟಡದ ಚೂರುಗಳನ್ನೆಲ್ಲ ಆರಿಸಿ ಹೊರಹಾಕಿ. ನರ್ಸರಿಯ ಚೀಲ ಬಿಚ್ಚಿದಾಗ ಬೇರು ಸುರುಳಿ ಸುತ್ತಿಕೊಂಡಿದ್ದರೆ ಕೈಯಿಂದ ಬಿಡಿಸಿ ಹರಡಿ, ಬಿಡಿಸಲಾಗದ ಸುತ್ತನ್ನು ಕತ್ತರಿಸಿ. ಹಾಗೇ ನೆಟ್ಟರೆ ಆ ಸುರುಳಿ ಮುಂದೆ ದಪ್ಪವಾಗಿ ಕಾಂಡವನ್ನೇ ಬಿಗಿಯುತ್ತದೆ. ಸಸಿಯ ಸುತ್ತ ಮೊದಲ ದಿನದಿಂದಲೇ ನಾಲ್ಕಡಿ ಅಗಲದ ಜಾಗವನ್ನು ಹುಲ್ಲಿಲ್ಲದೆ, ಎಲೆ ಹೊದಿಸಿ ಇಟ್ಟುಕೊಳ್ಳಿ. ಮರ ಬೆಳೆದಂತೆ ಆ ಜಾಗವನ್ನು ವರ್ಷಕ್ಕೊಂದು ಗೇಣು ಹಿಗ್ಗಿಸುತ್ತ ಹೋಗಿ.